ಸಿರ್ಸಿ ಸೀಮೆಯ ತೋಟದ ಮನೆಯಲ್ಲಿ ಬಿಸಿಲಿನಿಂದ ಓಡುವ ಫ್ರಿಜ್: ಒಂದು ಪ್ರಕರಣ ಅಧ್ಯಯನ

ಉತ್ತರ ಕನ್ನಡದ ಸಿರ್ಸಿ ಸೀಮೆಯಲ್ಲಿ, ಅಡಿಕೆ ತೋಟದ ಅಂಚಿನಲ್ಲಿರುವ ಹೆಂಚಿನ ಮನೆ ಇದು. ಕರೆಂಟಿನ ಲೈನು ಕಾಡಿನೊಳಗಿಂದ ಹಾದು ಬರುತ್ತದೆ. ಮಳೆಗಾಲದಲ್ಲಿ ಎಲ್ಲೋ ಒಂದು ಮರ ಲೈನಿನ ಮೇಲೆ ಮಗುಚಿದರೆ ಕರೆಂಟು ಮರಳಲು ಎರಡು ದಿನ ಹಿಡಿಯುತ್ತದೆ, ಮೂರು ನಾಲ್ಕು ದಿನವಾಗುವುದೂ ಉಂಟು. ಮನೆಯಲ್ಲಿ ಐದು ಜನ, 190 ಲೀಟರಿನ ಒಂಟಿ ಬಾಗಿಲಿನ ಒಂದು ಫ್ರಿಜ್. ಅದರೊಳಗೆ ಹಾಲು, ಬೆಣ್ಣೆ, ದೋಸೆ ಹಿಟ್ಟು, ಮತ್ತು ಮನೆಯ ಹಿರಿಯರೊಬ್ಬರ ಇನ್ಸುಲಿನ್. ಹಾಲು ಹುಳಿಯಾದರೆ ಮಜ್ಜಿಗೆಯಾದರೂ ಆದೀತು. ಇನ್ನೂ ತೆರೆಯದ ಇನ್ಸುಲಿನ್ ಬಾಟಲಿ ಮಾತ್ರ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆಯೇ ಇರಬೇಕು. ಬಿಸಿಯಾದರೆ ಅದರ ಶಕ್ತಿ ಕುಗ್ಗುತ್ತದೆ, ಒಮ್ಮೆ ಹೆಪ್ಪುಗಟ್ಟಿದರೆ ಪೂರ್ತಿ ಕೆಡುತ್ತದೆ.

ಈ ಮನೆಗೆ ಬಿಲ್ ಉಳಿಸುವ ತುರ್ತಿಲ್ಲ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಮಿತಿಯೊಳಗೆ ಬಳಸುವ ಮನೆಗಳಿಗೆ ಬಿಲ್ಲಿನ ಹೊರೆಯಿಲ್ಲ. ಇಲ್ಲಿ ಬೇಕಾಗಿರುವುದು ಜುಲೈ ತಿಂಗಳ ಮೂರು ದಿನ ಲೈನಿಲ್ಲದಿದ್ದರೂ ಫ್ರಿಜ್ ತಂಪಾಗಿರುವುದು. ಗುರಿ ಇಷ್ಟು ಸ್ಪಷ್ಟವಾದರೆ ಲೆಕ್ಕದ ದಾರಿಯೇ ಬೇರೆಯಾಗುತ್ತದೆ. ಯಾಕೆಂದರೆ ಫ್ರಿಜ್ಜಿಗೆ ಬಿಸಿಲಿನ ಅಗತ್ಯ ಹೆಚ್ಚು ಬೀಳುವುದು ಬಿಸಿಲು ಎಲ್ಲಕ್ಕಿಂತ ಕಡಿಮೆ ಇರುವ ತಿಂಗಳಲ್ಲಿ.

ಮುಂದೆ ಹೋಗುವ ಮೊದಲು ಒಂದು ತಪ್ಪು ತಿಳಿವಳಿಕೆ ಬಗೆಹರಿಯಬೇಕು. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಚಾವಣಿಯ ಸೋಲಾರಿಗೆ 1 ಕಿಲೋವ್ಯಾಟಿಗೆ 30,000 ರೂಪಾಯಿ, 2ಕ್ಕೆ 60,000, 3 ಮತ್ತು ಅದಕ್ಕೆ ಮೇಲ್ಪಟ್ಟು 78,000 ಸಬ್ಸಿಡಿ ಇದೆ. ಅದನ್ನು ಹಾಕಿಸಿದರೆ ಕರೆಂಟು ಹೋದಾಗಲೂ ಫ್ರಿಜ್ ಓಡುತ್ತದೆಂದು ಅನೇಕರು ನಂಬಿದ್ದಾರೆ. ಓಡುವುದಿಲ್ಲ. ಬ್ಯಾಟರಿಯಿಲ್ಲದೆ ನೇರ ಲೈನಿಗೆ ಕಟ್ಟಿದ ಗ್ರಿಡ್ ಇನ್ವರ್ಟರ್, ಲೈನು ಸತ್ತ ಕ್ಷಣವೇ ತಾನೂ ನಿಲ್ಲುತ್ತದೆ. ಹಾಗೆ ನಿಲ್ಲದಿದ್ದರೆ ತುಂಡಾದ ತಂತಿ ಜೋಡಿಸುತ್ತಿರುವ ಲೈನ್‌ಮ್ಯಾನ್‌ಗೆ ನಮ್ಮ ಮನೆಯ ಕರೆಂಟು ಹೊಡೆದೀತು. ಅದಕ್ಕೇ ಅದು ಕಡ್ಡಾಯ. ಹಾಗಾಗಿ ಈ ಮನೆಗೆ ಬೇಕಾದದ್ದು ಬ್ಯಾಟರಿ ಇರುವ ಚಿಕ್ಕ ವ್ಯವಸ್ಥೆ.

ಮೊದಲ ಸಲ ಹಾಕಿದ್ದು, ಅದು ಸೋತದ್ದು

ಮನೆಯಲ್ಲಿ ದೀಪ-ಫ್ಯಾನಿಗೆಂದು 12 ವೋಲ್ಟಿನ 900 ವಿಎ ಸ್ಕ್ವೇರ್ ವೇವ್ ಇನ್ವರ್ಟರ್, 150 ಎಎಚ್ (ಆಂಪಿಯರ್-ಗಂಟೆ) ಟ್ಯೂಬುಲರ್ ಬ್ಯಾಟರಿ ಮೊದಲೇ ಇದ್ದವು. ಅದಕ್ಕೆ 335 ವ್ಯಾಟಿನ 72 ಸೆಲ್ ಪ್ಯಾನೆಲ್ ಒಂದನ್ನು ದಕ್ಷಿಣದ ಹೆಂಚಿನ ಮೇಲೆ ಕೂರಿಸಿ, ಪ್ಯಾನೆಲ್ಲಿನ ಕರೆಂಟನ್ನು ಹದವಾಗಿ ಬ್ಯಾಟರಿಗೆ ಬಿಡುವ ಚಾರ್ಜ್ ಕಂಟ್ರೋಲರ್, ಅದರಲ್ಲೂ ಅಗ್ಗದ ಪಿಡಬ್ಲ್ಯುಎಂ ಬಗೆಯದರ ಮೂಲಕ ಬ್ಯಾಟರಿಗೆ ಜೋಡಿಸಿ, ಫ್ರಿಜ್ ಪ್ಲಗ್ಗನ್ನು ಇನ್ವರ್ಟರ್ ಲೈನಿಗೆ ಬದಲಾಯಿಸಲಾಯಿತು. ಬೇಸಿಗೆಯಲ್ಲಿ ಹೇಗೋ ನಡೆಯಿತು. ಮಳೆ ಹಿಡಿದ ಮೊದಲ ವಾರದಲ್ಲೇ ಬೆಳಗಿನ ಜಾವ ಫ್ರಿಜ್ ಬಂದ್ ಆಗತೊಡಗಿತು. ಕಂಪ್ರೆಸರ್ ಗುಂಯ್‌ಗುಡುತ್ತಿತ್ತು, ಕೈಯಿಟ್ಟರೆ ಸುಡುವಷ್ಟು ಬಿಸಿ. ಹಿಂದಿನಿಂದ ಐದು ಹತ್ತು ನಿಮಿಷಕ್ಕೊಮ್ಮೆ ಟಕ್ ಎಂಬ ಸದ್ದು.

ಇಂಥ ಕಡೆ ಜನ ಮೊದಲು ಬೈಯುವುದು ಬ್ಯಾಟರಿಯನ್ನು. ಹೊಸ ಬ್ಯಾಟರಿ ತಂದು ಹಾಕಿದರೂ ಇದೇ ಆಗುತ್ತಿತ್ತು, ಏಕೆಂದರೆ ತಪ್ಪು ಐದು ಕಡೆ ಇತ್ತು.

ಒಂದನೆಯದು ಪ್ಯಾನೆಲ್ಲಿಗೂ ಕಂಟ್ರೋಲರಿಗೂ ಹೊಂದಾಣಿಕೆ ಇಲ್ಲದ್ದು. 72 ಸೆಲ್ಲಿನ ಪ್ಯಾನೆಲ್ 38 ವೋಲ್ಟ್ ಸುತ್ತ, ಸುಮಾರು 8.8 ಆಂಪಿಯರಿನಲ್ಲಿ ತನ್ನ 335 ವ್ಯಾಟ್ ಕೊಡುತ್ತದೆ. ಪಿಡಬ್ಲ್ಯುಎಂ ಕಂಟ್ರೋಲರ್ ಒಂದು ಸ್ವಿಚ್ಚಷ್ಟೇ. ಅದು ಪ್ಯಾನೆಲ್ಲನ್ನು ನೇರ ಬ್ಯಾಟರಿಗೆ ಕಟ್ಟಿ, ಅದರ ವೋಲ್ಟೇಜನ್ನು 13ಕ್ಕೆ ಎಳೆದುಬಿಡುತ್ತದೆ. ಆಂಪಿಯರ್ ಮಾತ್ರ ಅಷ್ಟೇ ಉಳಿಯುತ್ತದೆ. 9 ಆಂಪಿಯರನ್ನು 13 ವೋಲ್ಟಿನಿಂದ ಗುಣಿಸಿದರೆ 117 ವ್ಯಾಟ್. ದುಡ್ಡು ಕೊಟ್ಟದ್ದು 335ಕ್ಕೆ, ಸಿಕ್ಕಿದ್ದು ಮೂರರಲ್ಲೊಂದು ಪಾಲು. 36 ಸೆಲ್ಲಿನ ಚಿಕ್ಕ ಪ್ಯಾನೆಲ್ಲಾದರೆ ಪಿಡಬ್ಲ್ಯುಎಂ ನಡೆಯುತ್ತದೆ, ಏಕೆಂದರೆ ಅದರದ್ದು 18 ವೋಲ್ಟ್. ದೊಡ್ಡ ಪ್ಯಾನೆಲ್ಲಿಗೆ ಎಂಪಿಪಿಟಿ ಕಂಟ್ರೋಲರ್ ಬೇಕೇಬೇಕು. ಅದು ಹೆಚ್ಚುವರಿ ವೋಲ್ಟನ್ನು ಆಂಪಿಯರಾಗಿ ಬದಲಿಸಿ ಕೊಡುತ್ತದೆ.

ಎರಡನೆಯದು ಯಾರ ಲೆಕ್ಕಕ್ಕೂ ಸಿಗದ ಖರ್ಚು: ಇನ್ವರ್ಟರಿನ ಸ್ವಂತ ಊಟ. ಯಾವ ಲೋಡೂ ಇಲ್ಲದೆ ಬರೀ ಆನ್ ಇದ್ದರೂ ಇಂಥ ಇನ್ವರ್ಟರ್ 10ರಿಂದ 20 ವ್ಯಾಟ್ ತಿನ್ನುತ್ತದೆ. ಇಲ್ಲಿ ಅಳೆದಾಗ 14 ಸಿಕ್ಕಿತು. ಕೇಳಲಿಕ್ಕೆ ಅಲ್ಪ. 24 ಗಂಟೆಗೆ ಗುಣಿಸಿದರೆ 336 ವ್ಯಾಟ್-ಗಂಟೆ. ಈಗ ಇದನ್ನು ಪ್ಯಾನೆಲ್ಲಿನ ಜುಲೈ ಗಳಿಕೆಯ ಪಕ್ಕ ಇಡಿ. ಮಲೆನಾಡಿನ ಜುಲೈಗೆ ದಿನವಿಡೀ ಬಿದ್ದ ಮಂದ ಬಿಸಿಲನ್ನೆಲ್ಲ ಕೂಡಿಸಿ ದಿನಕ್ಕೆ 2.8 ಗಂಟೆ ಪೂರ್ಣ ಬಿಸಿಲೆಂದು ಹಿಡಿದರೆ, 9 ಆಂಪಿಯರಿಗೆ 25 ಎಎಚ್, ಅಂದರೆ ಸುಮಾರು 320 ವ್ಯಾಟ್-ಗಂಟೆ. ಪ್ಯಾನೆಲ್ ದಿನವಿಡೀ ದುಡಿದು ತಂದದ್ದನ್ನು ಇನ್ವರ್ಟರ್ ಒಂದೇ ತಿಂದು ಮುಗಿಸುತ್ತಿತ್ತು. ಫ್ರಿಜ್ಜಿನ ಪಾಲಿಗೆ ಏನೂ ಉಳಿಯುತ್ತಿರಲಿಲ್ಲ.

ಮೂರನೆಯದು ಸ್ಕ್ವೇರ್ ವೇವ್. ಟಿವಿ, ಎಲ್‌ಇಡಿ ಬಲ್ಬಿಗೆ ಅದು ಸಾಕು. ಕಂಪ್ರೆಸರಿನೊಳಗಿರುವ ಮೋಟರಿಗೆ ಬೇಕಾದದ್ದು ಲೈನಿನಂಥ ಸೈನ್ ವೇವ್. ಚೌಕದ ಅಲೆಯಲ್ಲಿ ಮೋಟರಿನ ತಿರುಗುವ ಬಲಕ್ಕೆ ಬರದೆ ಬರೀ ಕಾವಾಗಿ ಹೋಗುವ ಭಾಗ ಹೆಚ್ಚು. ಆ ಗುಂಯ್‌ ಸದ್ದೂ ಕಾವೂ ಅದರದ್ದೇ. ವರ್ಷಗಟ್ಟಲೆ ಹೀಗೆ ಓಡಿಸಿದರೆ ವೈಂಡಿಂಗ್ ಸುಡುತ್ತದೆ. ಆಗ ಕಂಪ್ರೆಸರ್ ಬದಲಾಯಿಸುವ ಖರ್ಚಿನಲ್ಲಿ ಒಳ್ಳೆಯ ಇನ್ವರ್ಟರೇ ಬರುತ್ತಿತ್ತು.

ನಾಲ್ಕನೆಯದು ತಂತಿ. ಬ್ಯಾಟರಿಯಿಂದ ಇನ್ವರ್ಟರಿಗೆ ಮೂರು ಮೀಟರ್ ದೂರ, 6 ಚದರ ಮಿಲಿಮೀಟರಿನ ವೈರು. ಈ ಫ್ರಿಜ್ ಓಡುವಾಗ ಎಳೆಯುವುದು 95 ವ್ಯಾಟ್ ಮಾತ್ರ. ಆದರೆ ಕಂಪ್ರೆಸರ್ ಎದ್ದೇಳುವ ಅರ್ಧ ಸೆಕೆಂಡಿನಲ್ಲಿ 5-6 ಆಂಪಿಯರ್ ಎಳೆಯುತ್ತದೆ. 12 ವೋಲ್ಟಿನ ಕಡೆ ಅದು 80-90 ಆಂಪಿಯರ್. ಹೋಗಿ ಬರುವ ಆರು ಮೀಟರ್ ವೈರಿನಲ್ಲಿ ಆ ಹೊತ್ತಿಗೆ 1.8 ವೋಲ್ಟ್ ಬಿದ್ದುಹೋಗುತ್ತದೆ. ಬ್ಯಾಟರಿಯಲ್ಲಿ 12.2 ಇದ್ದರೂ ಇನ್ವರ್ಟರಿಗೆ ಕಾಣುವುದು 10.4. ಅದು ಬ್ಯಾಟರಿ ಖಾಲಿಯೆಂದು ಕೂಗಿ ಕೈಬಿಡುತ್ತದೆ.

ಐದನೆಯದು ಇದರ ಬೆನ್ನಿಗೇ ಬರುವಂಥದ್ದು, ಮತ್ತು ಕಂಪ್ರೆಸರಿಗೆ ಎಲ್ಲಕ್ಕಿಂತ ಅಪಾಯಕಾರಿ. ಇನ್ವರ್ಟರ್ ಕೈಬಿಟ್ಟ ಕೂಡಲೇ ಲೋಡ್ ಇಳಿದು ಬ್ಯಾಟರಿ ವೋಲ್ಟೇಜ್ ಮತ್ತೆ ಏರುತ್ತದೆ. ಇನ್ವರ್ಟರ್ ಮತ್ತೆ ಆನ್ ಆಗುತ್ತದೆ. ಕಂಪ್ರೆಸರ್ ನಿಂತು ಇನ್ನೂ ಅರ್ಧ ನಿಮಿಷವಾಗಿಲ್ಲ, ಒಳಗೆ ಗ್ಯಾಸಿನ ಒತ್ತಡ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ಆ ಒತ್ತಡದ ಎದುರು ಅದು ತಿರುಗಲಾರದು. ಸ್ಟಾರ್ಟ್ ಮಾಡಿಸುವ ಪಿಟಿಸಿ ರಿಲೇಯ ಕಾವೂ ಆರಿರುವುದಿಲ್ಲ. ಮೋಟರ್ ಜಾಮ್ ಆಗಿ ಕರೆಂಟು ಎಳೆದು ಬಿಸಿಯಾಗಿ, ಕೊನೆಗೆ ಓವರ್‌ಲೋಡ್ ಪ್ರೊಟೆಕ್ಟರ್ ಟಕ್ ಎಂದು ಕಡಿದುಹಾಕುತ್ತದೆ. ಆ ಟಕ್ ಸದ್ದು ಇದೇ. ಹೋದ ಕರೆಂಟು ಮರಳಿದ ಮೇಲೆ ಕನಿಷ್ಠ ಮೂರು, ಬೇಕಾದರೆ ಐದು ನಿಮಿಷ ಬಿಟ್ಟು ಫ್ರಿಜ್ ಹಚ್ಚಬೇಕೆಂದು ಹಿರಿಯ ಮೆಕ್ಯಾನಿಕ್‌ಗಳು ಹೇಳುವುದು ಇದಕ್ಕಾಗಿ.

ಅಳತೆ

ಸರಿಪಡಿಸುವ ಕೆಲಸ ಫ್ರಿಜ್ಜಿನ ನಿಜವಾದ ಹಸಿವನ್ನು ಅಳೆಯುವುದರಿಂದ ಶುರುವಾಗಬೇಕು. ಬಾಗಿಲ ಮೇಲಿನ ಸ್ಟಾರ್ ಲೇಬಲ್ ವರ್ಷಕ್ಕೆ ಇಷ್ಟು ಯೂನಿಟ್ ಎಂದು ಹೇಳುತ್ತದೆ. ಅದನ್ನು 365ರಿಂದ ಭಾಗಿಸಿದರೆ ಒಂದು ಅಂದಾಜು ಸಿಗುತ್ತದೆ, ಆದರೆ ಹಳೆಯ ಫ್ರಿಜ್ಜಿಗೆ ಆ ಅಂಕಿ ನೆಚ್ಚಬಾರದು. ಪ್ಲಗ್ಗಿನ ನಡುವೆ ಸಿಕ್ಕಿಸುವ ಎನರ್ಜಿ ಮೀಟರ್ ಹಾಕಿ ಮೂರು ಪೂರ್ತಿ ದಿನ ಬಿಟ್ಟು, ಬಂದದ್ದನ್ನು ಮೂರರಿಂದ ಭಾಗಿಸಬೇಕು. ಒಂದು ದಿನದ ಅಳತೆ ಸಾಲದು, ಏಕೆಂದರೆ ನೆಂಟರು ಬಂದ ದಿನವೂ ಮನೆಯಲ್ಲಿ ಯಾರೂ ಇಲ್ಲದ ದಿನವೂ ಒಂದೇ ಅಲ್ಲ.

ಇಲ್ಲಿ ಮೇ ತಿಂಗಳಲ್ಲಿ ದಿನಕ್ಕೆ 0.70 ಯೂನಿಟ್, ಜುಲೈಯಲ್ಲಿ 0.50 ಯೂನಿಟ್ ಬಂತು. ಇದು ಮಲೆನಾಡಿನ ಪುಣ್ಯ. ಬಿಸಿಲು ಕುಗ್ಗುವ ತಿಂಗಳಲ್ಲಿ ಅಡುಗೆಮನೆಯ ಸೆಕೆಯೂ ಕುಗ್ಗುತ್ತದೆ, ಫ್ರಿಜ್ಜಿನ ಬೇಡಿಕೆ ತಾನಾಗಿ ಇಳಿಯುತ್ತದೆ. ಬಳ್ಳಾರಿ, ರಾಯಚೂರಿನ ಕಡೆಯ ಮನೆಗೆ ಬೇಸಿಗೆಯ ಅಂಕಿ ಇದಕ್ಕಿಂತ ಸಾಕಷ್ಟು ಮೇಲಿರುತ್ತದೆ. ಅಲ್ಲಿ ಬಿಸಿಲೂ ಧಾರಾಳ.

ಅಳೆಯುವ ಮೊದಲೇ ಪುಕ್ಕಟೆಯಾಗಿ ಉಳಿಸಬಹುದಾದದ್ದನ್ನು ಉಳಿಸಿಕೊಳ್ಳಬೇಕು. ಫ್ರೀಜರಿನ ಗೋಡೆಗೆ ಕಾಲು ಇಂಚಿಗಿಂತ ದಪ್ಪ ಹಿಮ ಕಟ್ಟಿದ್ದರೆ ಡಿಫ್ರಾಸ್ಟ್ ಗುಂಡಿ ಒತ್ತಿ ಕರಗಿಸಿ. ಆ ಹಿಮ ಕಂಬಳಿಯಂತೆ ತಂಪನ್ನು ತಡೆಯುತ್ತದೆ. ಬಾಗಿಲಿನ ರಬ್ಬರಿನ ನಡುವೆ ಒಂದು ನೋಟು ಸಿಕ್ಕಿಸಿ ಎಳೆದು ನೋಡಿ. ಸಲೀಸಾಗಿ ಬಂದರೆ ಗ್ಯಾಸ್ಕೆಟ್ ಸತ್ತಿದೆ. ಹಿಂಬದಿಯ ಕಪ್ಪು ಜಾಲರಿಗೂ ಗೋಡೆಗೂ ಒಂದು ಗೇಣಾದರೂ ಜಾಗ ಬೇಕು. ಈ ಮನೆಯಲ್ಲಿ ಫ್ರಿಜ್ ಕಟ್ಟಿಗೆ ಒಲೆಯ ಗೋಡೆಗೆ ಆನಿಸಿತ್ತು. ಅದನ್ನು ಜಗಲಿಗೆ ಹೊಂದಿದ ಕೋಣೆಗೆ ಸರಿಸಿದ ಮೇಲೆ ತೆಗೆದ ಅಂಕಿಗಳೇ ಮೇಲಿನವು.

ರಾತ್ರಿಗೆ ಮಂಜುಗಡ್ಡೆ

ಈ ಪ್ರಕರಣದ ಜೀವಾಳ ಇಲ್ಲಿದೆ. ಫ್ರಿಜ್ಜಿಗೆ ರಾತ್ರಿ ಬೇಕಾಗಿರುವುದು ತಂಪು. ಆ ತಂಪನ್ನು ಹಗಲೇ ಮಾಡಿಟ್ಟರೆ ರಾತ್ರಿ ಬ್ಯಾಟರಿ ಮುಟ್ಟಬೇಕಾಗಿಲ್ಲ. ಲೈನೂ ಬ್ಯಾಟರಿಯೂ ಇಲ್ಲದ ಊರುಗಳ ಆರೋಗ್ಯ ಕೇಂದ್ರಗಳಿಗೆಂದು ಮಾಡಿದ ಸೋಲಾರ್ ಲಸಿಕೆ ಫ್ರಿಜ್‌ಗಳು ನಡೆಯುವುದೂ ಹೀಗೆಯೇ. ಪ್ಯಾನೆಲ್ ನೇರವಾಗಿ ಕಂಪ್ರೆಸರ್ ಓಡಿಸಿ ಹಗಲಲ್ಲಿ ಗೋಡೆಯೊಳಗಿನ ನೀರನ್ನು ಹೆಪ್ಪುಗಟ್ಟಿಸುತ್ತದೆ, ರಾತ್ರಿಯಿಡೀ ಆ ಮಂಜುಗಡ್ಡೆ ಲಸಿಕೆ ಕಾಯುತ್ತದೆ.

ಒಂದು ಕಿಲೋ ಮಂಜುಗಡ್ಡೆ ಕರಗಲು ಸುಮಾರು 93 ವ್ಯಾಟ್-ಗಂಟೆಯಷ್ಟು ಶಾಖ ಹೀರುತ್ತದೆ. ಈ ಫ್ರಿಜ್ ಜುಲೈಯಲ್ಲಿ ದಿನಕ್ಕೆ 500 ವ್ಯಾಟ್-ಗಂಟೆ ಕರೆಂಟು ತಿಂದು, ಅದರ ಸುಮಾರು ಒಂದೂವರೆ ಪಟ್ಟು, ಅಂದರೆ 750 ವ್ಯಾಟ್-ಗಂಟೆ ಶಾಖವನ್ನು ಹೊರಹಾಕುತ್ತದೆ. ಗಂಟೆಗೆ 31 ಆಯಿತು. ಒಂದು ಲೀಟರಿನ ನಾಲ್ಕು ಬಾಟಲಿಗಳಲ್ಲಿ ತಲಾ 850 ಮಿಲಿಲೀಟರ್ ನೀರು ತುಂಬಿ ಫ್ರೀಜರಿನಲ್ಲಿಟ್ಟರೆ 3.4 ಕಿಲೋ ಮಂಜುಗಡ್ಡೆ, 316 ವ್ಯಾಟ್-ಗಂಟೆ ತಂಪು. 31ರಿಂದ ಭಾಗಿಸಿದರೆ ಹತ್ತು ಗಂಟೆ. ರಾತ್ರಿ ಎಂಟೂವರೆಗೆ ನಿಲ್ಲಿಸಿದರೆ ಬೆಳಗ್ಗೆ ಆರೂವರೆಯವರೆಗೆ ಚಿಂತೆಯಿಲ್ಲ. ಬಾಟಲಿ ಪೂರ್ತಿ ತುಂಬಬಾರದು. ನೀರು ಗಡ್ಡೆಯಾಗುವಾಗ ಹತ್ತರಲ್ಲೊಂದು ಪಾಲಿನಷ್ಟು ಉಬ್ಬುತ್ತದೆ. ನಿಲ್ಲಿಸುವುದಕ್ಕಿಂತ ಮಲಗಿಸಿ, ಫ್ರೀಜರಿನ ತಳದ ತಗಡಿಗೆ ಮುಟ್ಟುವಂತೆ ಇಟ್ಟರೆ ಬೇಗ ಗಡ್ಡೆಯಾಗುತ್ತವೆ. ಉಪ್ಪು ಹಾಕಬಾರದು. ಉಪ್ಪುನೀರು ಸೊನ್ನೆಗಿಂತ ಕೆಳಗೆ ಗಡ್ಡೆಯಾಗುವುದರಿಂದ ಕೆಳಗಿನ ತಟ್ಟೆಯೂ ಹೆಪ್ಪುಗಟ್ಟುವ ಭಯ, ಇನ್ಸುಲಿನ್ನಿಗೆ ಅದು ವಿಷ.

ಇದು ಒಂಟಿ ಬಾಗಿಲಿನ ಡೈರೆಕ್ಟ್ ಕೂಲ್ ಫ್ರಿಜ್ಜಿಗೆ ಮಾತ್ರ ಸಲ್ಲುವ ಉಪಾಯ. ಅದರಲ್ಲಿ ಫ್ರೀಜರಿನ ತಂಪು ಗಾಳಿ ಭಾರವಾಗಿ ತಾನೇ ಕೆಳಗಿಳಿಯುತ್ತದೆ. ಎರಡು ಬಾಗಿಲಿನ ಫ್ರಾಸ್ಟ್ ಫ್ರೀಯಲ್ಲಿ ಆ ಗಾಳಿಯನ್ನು ಕೆಳಗೆ ತಳ್ಳುವುದು ಒಂದು ಫ್ಯಾನು. ಕರೆಂಟಿಲ್ಲದಿದ್ದರೆ ಮೇಲಿನ ಮಂಜುಗಡ್ಡೆ ಮೇಲೆಯೇ ಉಳಿಯುತ್ತದೆ, ಕೆಳಗಿನ ಹಾಲು ಬಿಸಿಯಾಗುತ್ತದೆ. ಮೇಲಾಗಿ ಅದರಲ್ಲಿ ಹಿಮ ಕರಗಿಸುವ ಹೀಟರ್ ಇರುತ್ತದೆ, ನೂರೈವತ್ತು ಇನ್ನೂರು ವ್ಯಾಟಿನದ್ದು, ಅದು ಹೊತ್ತು ಗೊತ್ತಿಲ್ಲದೆ ನಡುರಾತ್ರಿಯೂ ಹತ್ತಿಕೊಳ್ಳುತ್ತದೆ. ಸೋಲಾರಿಗೆ ಹೊಸ ಫ್ರಿಜ್ ಕೊಳ್ಳುವವರು ಫ್ರಾಸ್ಟ್ ಫ್ರೀ ಬಿಟ್ಟುಬಿಡುವುದೇ ಒಳ್ಳೆಯದು. ಇನ್ವರ್ಟರ್ ಕಂಪ್ರೆಸರ್ ಇರುವ ಒಂಟಿ ಬಾಗಿಲಿನದ್ದು ಸಿಕ್ಕರೆ ಇನ್ನೂ ಮೇಲು. ಅದು ಮೆಲ್ಲಗೆ ಎದ್ದು ನಿಧಾನ ಓಡುವುದರಿಂದ 90 ಆಂಪಿಯರಿನ ಆ ಧಕ್ಕೆಯೇ ಇರುವುದಿಲ್ಲ. 12 ವೋಲ್ಟಿನ ಡಿಸಿ ಫ್ರಿಜ್‌ಗಳಿಗೆ ಇನ್ವರ್ಟರೇ ಬೇಡ, ಆದರೆ ಬೆಲೆ ಜಾಸ್ತಿ. ಕೆಟ್ಟರೆ ಹಳ್ಳಿಯ ಮೆಕ್ಯಾನಿಕ್ ಕೈಗೆ ಬಿಡಿಭಾಗ ಸಿಗುವುದು ಕಷ್ಟ. ಮನೆಯಲ್ಲಿ ಚೆನ್ನಾಗಿರುವ ಫ್ರಿಜ್ ಇರುವಾಗ ಅದನ್ನು ಬಿಟ್ಟು ಇದಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ.

ಹೊಸ ಲೆಕ್ಕ

ಲೈನಿಲ್ಲದ ದಿನ ಇನ್ವರ್ಟರ್ ಆನ್ ಇರುವುದು ಹಗಲಿನ ಹತ್ತು ಗಂಟೆ ಮಾತ್ರ ಎಂದಿಟ್ಟುಕೊಂಡರೆ ಅದರ ಸ್ವಂತ ಊಟ 336ರಿಂದ 140ಕ್ಕೆ ಇಳಿಯುತ್ತದೆ. ಬಾಟಲಿ ಗಡ್ಡೆ ಕಟ್ಟುವ ಕೆಲಸ ಸೇರಿ ಫ್ರಿಜ್ಜಿಗೆ 520. ಇನ್ವರ್ಟರ್ 85 ಶೇಕಡ ದಕ್ಷತೆಯದ್ದಾದರೆ 610 ಬೇಕು. ಒಟ್ಟು 750 ವ್ಯಾಟ್-ಗಂಟೆ. ಇದರಲ್ಲಿ 500ರಷ್ಟು ಬಿಸಿಲಿರುವಾಗಲೇ ಪ್ಯಾನೆಲ್ಲಿನಿಂದ ನೇರ ಹೋಗುತ್ತದೆ. ಉಳಿದ 250 ಮಾತ್ರ ಬ್ಯಾಟರಿಯೊಳಗೆ ಹೊಕ್ಕು ಹೊರಬರಬೇಕು. ಲೆಡ್ ಆಸಿಡ್ ಬ್ಯಾಟರಿಗೆ ತುಂಬಿದ್ದರಲ್ಲಿ ಐದರಲ್ಲೊಂದು ಪಾಲು ಸೋರಿಹೋಗುವುದರಿಂದ ಆ 250ಕ್ಕೆ 312 ತುಂಬಬೇಕು. ಎಲ್ಲ ಸೇರಿ ದಿನಕ್ಕೆ 812. ಐದು ವ್ಯಾಟಿನ ಮೂರು ಡಿಸಿ ಬಲ್ಬು ನಾಲ್ಕು ಗಂಟೆ ಉರಿದರೆ ಇನ್ನೊಂದು 60. ಸುಮಾರು 870 ಎನ್ನೋಣ.

ಗಳಿಕೆಯ ಕಡೆ ಬನ್ನಿ. ಕಾವು, ಕೊಳೆ, ತಂತಿ ಎಲ್ಲ ಕಳೆದು ಪ್ಯಾನೆಲ್ಲಿನ ಅಂಕಿಯ ಮುಕ್ಕಾಲು ಪಾಲು ಕೈಗೆ ಸಿಗುತ್ತದೆಂದು ಹಿಡಿಯಬೇಕು. 335 ವ್ಯಾಟ್, 2.8 ಗಂಟೆ, 0.75. ಗುಣಿಸಿದರೆ 703. ಸಾಧಾರಣ ಜುಲೈ ದಿನಕ್ಕೇ ಕೊಂಚ ಕಡಿಮೆ. ಆದರೆ ಮರ ಬೀಳುವುದು ಸಾಧಾರಣ ದಿನದಲ್ಲಲ್ಲ, ಆಕಾಶ ಕಪ್ಪಿಟ್ಟು ಜಡಿಮಳೆ ಹೊಡೆಯುವ ದಿನ. ಆಗ ಪೂರ್ಣ ಬಿಸಿಲು ಒಂದೂವರೆ ಗಂಟೆಗೆ ಸಮ ಸಿಕ್ಕಿದರೆ ಹೆಚ್ಚು. ಒಂದು ಪ್ಯಾನೆಲ್ ಆಗ 377 ಕೊಡುತ್ತದೆ, ದಿನಕ್ಕೆ 490ರಷ್ಟು ಕೊರತೆ. 150 ಎಎಚ್ ಬ್ಯಾಟರಿಯ ಒಟ್ಟು 1800ರಲ್ಲಿ ಅರ್ಧ, 900, ಮುಟ್ಟಬಹುದು. ಎರಡು ದಿನ ತಳ್ಳುವ ಮೊದಲೇ ಮುಗಿಯುತ್ತದೆ.

ಇಲ್ಲಿ ಹೆಚ್ಚಿನವರು ಇನ್ನೊಂದು ಬ್ಯಾಟರಿ ತರುತ್ತಾರೆ. ತಂದರೆ ಎರಡು ದಿನ ನಾಲ್ಕಾಗುವ ಹತ್ತಿರ ಬರುತ್ತದೆ. ಅದರ ಬದಲು ಇನ್ನೊಂದು ಪ್ಯಾನೆಲ್ ತಂದರೆ ಅದೇ ಕಪ್ಪು ದಿನದ ಗಳಿಕೆ 754 ಆಗುತ್ತದೆ. ಕೊರತೆ 120ಕ್ಕೆ ಇಳಿದು ಅದೇ ಹಳೆಯ ಬ್ಯಾಟರಿ ಏಳು ದಿನ ಎಳೆಯುತ್ತದೆ. ಪ್ಯಾನೆಲ್ಲಿಗೆ ಇಪ್ಪತ್ತು ವರ್ಷಕ್ಕೂ ಮೀರಿದ ಆಯುಷ್ಯ, ಬ್ಯಾಟರಿಗೆ ಚೆನ್ನಾಗಿ ನೋಡಿಕೊಂಡರೂ ಐದಾರು ವರ್ಷ. ಮಲೆನಾಡಿನಲ್ಲಿ ದುಡ್ಡು ಹಾಕಬೇಕಾದದ್ದು ಮೊದಲು ಪ್ಯಾನೆಲ್ಲಿಗೆ. ಈ ಮನೆಗೆ ಅದೇ ಅಳತೆಯ ಎರಡನೆಯ ಪ್ಯಾನೆಲ್ ಸೇರಿತು.

ಎಲ್ಲಿ, ಹೇಗೆ ಕೂರಿಸಿದ್ದು

ಹೆಂಚಿನ ಮೇಲಿನ ಜಾಗ ಕೈಬಿಡಲಾಯಿತು. ಮಧ್ಯಾಹ್ನ ಎರಡೂವರೆಯಾಗುತ್ತಲೇ ಅಡಿಕೆ ಮರಗಳ ನೆರಳು ಅಲ್ಲಿಗೆ ಬೀಳುತ್ತಿತ್ತು. ಅಡಿಕೆ ಮರದ ಕಾಂಡ ಸಣ್ಣದು, ನೆರಳೂ ಗೆರೆಯಷ್ಟೇ ಎಂದು ಬಿಟ್ಟುಬಿಡುವಂತಿಲ್ಲ. 72 ಸೆಲ್ಲಿನ ಪ್ಯಾನೆಲ್ ಒಳಗೆ ಮೂರು ಭಾಗವಾಗಿರುತ್ತದೆ. ಒಂದು ಭಾಗದ ಒಂದೇ ಸೆಲ್ ಮೇಲೆ ಗೆರೆ ನೆರಳು ಬಿದ್ದರೂ ಬೈಪಾಸ್ ಡಯೋಡ್ ಆ ಇಡೀ ಭಾಗವನ್ನು ಹೊರಗಿಡುತ್ತದೆ. ಮೂರರಲ್ಲೊಂದು ಹೋಯಿತು. ಅಡ್ಡಡ್ಡ ಬಿದ್ದ ನೆರಳು ಮೂರನ್ನೂ ಮುಟ್ಟಿದರೆ ಪೂರ್ತಿ ಹೋಯಿತು. ಸೋಗೆ, ಹಾಳೆ ಮೇಲೆ ಬೀಳುವ ಅಪಾಯ ಬೇರೆ, ಮಂಗಗಳ ಓಡಾಟ ಬೇರೆ.

ತೋಟದ ಮನೆಯಲ್ಲಿ ಬಿಸಿಲು ಎಲ್ಲಿ ಬೀಳುತ್ತದೆಂದು ಯಂತ್ರ ಹಿಡಿದು ಹುಡುಕಬೇಕಾಗಿಲ್ಲ. ಅಡಿಕೆ ಒಣಗಿಸುವ ಅಂಗಳವನ್ನು ತಲೆಮಾರುಗಳಿಂದ ಅಲ್ಲೇ ಇಟ್ಟುಕೊಂಡು ಬಂದಿದ್ದಾರೆ. ಆ ಅಂಗಳದ ಉತ್ತರದ ಅಂಚಿನಲ್ಲಿ ಎರಡಿಂಚಿನ ಜಿಐ ಪೈಪಿನ ಸ್ಟ್ಯಾಂಡ್ ಕಾಂಕ್ರೀಟಿನಲ್ಲಿ ಹೂತು, ಆಳೆತ್ತರಕ್ಕಿಂತ ಮೇಲೆ, ದಕ್ಷಿಣಕ್ಕೆ ಮುಖ ಮಾಡಿ 15 ಡಿಗ್ರಿ ಓರೆಯಲ್ಲಿ ಎರಡೂ ಪ್ಯಾನೆಲ್ ಕೂರಿಸಲಾಯಿತು. ಉತ್ತರದ ಅಂಚು ಏಕೆಂದರೆ, ಆಗ ಪ್ಯಾನೆಲ್ಲಿನ ನೆರಳು ಒಣಗುವ ಅಡಿಕೆಯ ಮೇಲೆ ಬೀಳುವುದಿಲ್ಲ. ಓರೆ ಇದಕ್ಕಿಂತ ಕಡಿಮೆ ಮಾಡಿದರೆ ಮಳೆನೀರು ಕೆಳ ಅಂಚಿನಲ್ಲಿ ನಿಂತು ಪಾಚಿ ಕಟ್ಟುತ್ತದೆ.

ಎರಡು ಪ್ಯಾನೆಲ್ ಪ್ಯಾರಲಲ್. ಏನೂ ಜೋಡಿಸದಿರುವಾಗಿನ (ಓಪನ್ ಸರ್ಕ್ಯೂಟ್) ವೋಲ್ಟೇಜ್ ಸುಮಾರು 46, ಹಾಗಾಗಿ 75 ಅಥವಾ 100 ವೋಲ್ಟ್ ಮಿತಿಯ ಎಂಪಿಪಿಟಿ ಸಾಕು. 30 ಆಂಪಿಯರಿನದ್ದು ಹಾಕಲಾಯಿತು. ಬೇಸಿಗೆಯ ಮಧ್ಯಾಹ್ನ ಎರಡು ಪ್ಯಾನೆಲ್ 40 ಆಂಪಿಯರ್ ಕೊಡಬಲ್ಲವು, ಕಂಟ್ರೋಲರ್ 30ಕ್ಕೇ ಕತ್ತರಿಸುತ್ತದೆ. ಕತ್ತರಿಸಲಿ, ಆಗ ಅಷ್ಟು ಬೇಕಾಗಿಯೂ ಇಲ್ಲ. ಹೇಗೂ 150 ಎಎಚ್ ಬ್ಯಾಟರಿಗೆ 22 ಆಂಪಿಯರಿಗಿಂತ ಹೆಚ್ಚು ತುಂಬಬಾರದು, ಫ್ರಿಜ್ ಓಡುವಾಗ 9 ತಾನೇ ಎಳೆಯುತ್ತದೆ. ಆದರೆ ಹೀಗೆ ಹೆಚ್ಚು ಪ್ಯಾನೆಲ್ ಕಟ್ಟಲು ಕಂಟ್ರೋಲರಿನ ಕೈಪಿಡಿ ಒಪ್ಪುತ್ತದೆಯೇ ಎಂದು ಓದಿಯೇ ಮುಂದುವರಿಯಬೇಕು. ಎಲ್ಲವೂ ಒಪ್ಪುವುದಿಲ್ಲ.

ಪ್ಯಾನೆಲ್ಲಿನಿಂದ ಮನೆಗೆ 14 ಮೀಟರ್. 4 ಚದರ ಮಿಲಿಮೀಟರ್ ವೈರಿನಲ್ಲಿ 2.5 ವೋಲ್ಟ್ ಬೀಳುತ್ತಿತ್ತು, 6ರದ್ದು ಹಾಕಿದಾಗ 1.7ಕ್ಕೆ ಇಳಿಯಿತು. ವೈರನ್ನು ಪೂರ್ತಿ ಪೈಪಿನೊಳಗೆ ಎಳೆಯಬೇಕು, ಬಾಯಿಗಳನ್ನು ಮುಚ್ಚಬೇಕು. ಇಲಿಗೆ ಸೋಲಾರ್ ವೈರಿನ ಹೊದಿಕೆ ಮೇಲೆ ಪ್ರೀತಿ, ಇರುವೆಗೆ ಕಂಟ್ರೋಲರಿನ ಬೆಚ್ಚಗಿನ ಒಳಭಾಗದ ಮೇಲೆ. ಒಳಗೆ ಬಂದಲ್ಲಿ 25 ಆಂಪಿಯರಿನ ಎರಡು ಪೋಲಿನ ಡಿಸಿ ಎಂಸಿಬಿ. ಅಂಗಡಿಯಲ್ಲಿ ಸಿಗುವ ಮಾಮೂಲಿ ಎಸಿ ಎಂಸಿಬಿ ಇಲ್ಲಿ ಹಾಕಬಾರದು. ಎಸಿಯಲ್ಲಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುವುದರಿಂದ ಕಿಡಿ ಆರುತ್ತದೆ. ಡಿಸಿಯಲ್ಲಿ ಆ ಕಿಡಿ ಆರದೆ ಎಂಸಿಬಿಯನ್ನೇ ಸುಡಬಹುದು. ಪಕ್ಕದಲ್ಲಿ ಡಿಸಿ ಸರ್ಜ್ ಪ್ರೊಟೆಕ್ಟರ್, ಸ್ಟ್ಯಾಂಡಿಗೂ ಪ್ಯಾನೆಲ್ ಫ್ರೇಮಿಗೂ ಅರ್ತ್. ಏಪ್ರಿಲ್-ಮೇ ಗುಡುಗಿನ ಈ ಸೀಮೆಯಲ್ಲಿ ಇವೆರಡನ್ನು ಬಿಟ್ಟರೆ ಮೊದಲ ಸಿಡಿಲಿಗೇ ಕಂಟ್ರೋಲರ್ ಹೋಗುತ್ತದೆ.

ಕಂಟ್ರೋಲರಿನಿಂದ ಬ್ಯಾಟರಿಗೆ 10 ಚದರ ಮಿಲಿಮೀಟರ್ ವೈರು, 40 ಆಂಪಿಯರ್ ಫ್ಯೂಸು. ಬ್ಯಾಟರಿಯಿಂದ ಇನ್ವರ್ಟರಿಗೆ 25 ಚದರ ಮಿಲಿಮೀಟರ್, ಒಂದು ಮೀಟರಿಗಿಂತ ಉದ್ದವಿಲ್ಲದಂತೆ, 125 ಆಂಪಿಯರ್ ಫ್ಯೂಸು, ಎರಡೂ ಫ್ಯೂಸು ಬ್ಯಾಟರಿಯ ಪ್ಲಸ್ ತುದಿಗೆ ಒಂದು ಗೇಣಿನೊಳಗೆ. ಜೋಡಿಸುವಾಗ ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಬ್ಯಾಟರಿ ಕಾಣದೆ ಪ್ಯಾನೆಲ್ ಮಾತ್ರ ಕಂಡರೆ ಕಂಟ್ರೋಲರ್ ವೋಲ್ಟೇಜ್ ತಪ್ಪಾಗಿ ತಿಳಿದುಕೊಳ್ಳಬಹುದು, ಸುಟ್ಟೂ ಹೋಗಬಹುದು. ಸೆಟ್ಟಿಂಗಿನಲ್ಲಿ ಟ್ಯೂಬುಲರ್ ಬ್ಯಾಟರಿ ಎಂದು ಆರಿಸಿ, ಚಾರ್ಜ್ 14.4, ತುಂಬಿದ ಮೇಲೆ ಹಿಡಿದಿಡುವ ಫ್ಲೋಟ್ 13.6 ವೋಲ್ಟ್ ಸುತ್ತ ಇದೆಯೇ ನೋಡಬೇಕು.

ಹಳೆಯ ಇನ್ವರ್ಟರಿನ ಜಾಗಕ್ಕೆ 1000 ವಿಎ ಪ್ಯೂರ್ ಸೈನ್ ವೇವ್ ಹೋಮ್ ಯುಪಿಎಸ್ ಬಂತು. ಅದಕ್ಕೆ ಲೈನು ಬರುವ ಕಡೆ 16 ಆಂಪಿಯರಿನ ಡಿಜಿಟಲ್ ಟೈಮರ್. ಬೆಳಗ್ಗೆ ಎಂಟೂವರೆಯಿಂದ ಸಂಜೆ ಐದೂವರೆವರೆಗೆ ಟೈಮರ್ ಲೈನನ್ನು ಕಡಿದಿಡುತ್ತದೆ. ಆ ಹೊತ್ತು ಫ್ರಿಜ್ ಬಿಸಿಲಿನಲ್ಲಿ ಓಡುತ್ತದೆ. ಸಂಜೆ ಲೈನಿದ್ದರೆ ಅದರಲ್ಲಿ ಓಡಿ, ಬ್ಯಾಟರಿಯೂ ತುಂಬಿ ಬೆಳಗಾಗುವಾಗ ಸಿದ್ಧವಾಗಿರುತ್ತದೆ. ಲೈನಿರುವ ದಿನಗಳಲ್ಲಿ ಈ ಕಷ್ಟ ಯಾಕೆಂದು ಕೇಳಬಹುದು. ದಿನವೂ ಓಡುವ ವ್ಯವಸ್ಥೆಯ ಸಡಿಲ ನಟ್ಟು, ಕೆಟ್ಟ ಫ್ಯೂಸು ಫೆಬ್ರವರಿಯಲ್ಲೇ ಗೊತ್ತಾಗುತ್ತದೆ. ಸುಮ್ಮನೆ ಕೂತ ವ್ಯವಸ್ಥೆಯದ್ದು ಜುಲೈಯ ಜಡಿಮಳೆಯಲ್ಲಿ.

ಫ್ರಿಜ್ಜಿಗೆ ಮುಂಚೆ ಮೂರು ನಿಮಿಷ ತಡೆದು ಕರೆಂಟು ಬಿಡುವ ಡಿಲೇ ಸಾಧನ ಕಡ್ಡಾಯ. ಸ್ಟೆಬಿಲೈಜರ್ ಬೇಡ, ಅದು ತಾನೂ ಕರೆಂಟು ತಿನ್ನುತ್ತದೆ. ರಾತ್ರಿಯ ಡಿಸಿ ಬಲ್ಬುಗಳನ್ನು ಕಂಟ್ರೋಲರಿನ ಲೋಡ್ ತುದಿಗೇ ಕಟ್ಟಿದ್ದರಿಂದ, ಲೈನಿಲ್ಲದ ರಾತ್ರಿ ಇನ್ವರ್ಟರ್ ಪೂರ್ತಿ ಆರಿಸಿ ಮಲಗಬಹುದು.

ಲೈನಿಲ್ಲದ ದಿನದ ನಡವಳಿಕೆ

ಬೆಳಗ್ಗೆ ಎಂಟೂವರೆಗೆ ಇನ್ವರ್ಟರ್ ಆನ್, ಥರ್ಮೋಸ್ಟಾಟ್ ಹೆಚ್ಚು ತಂಪಿಗೆ. ಹಾಲು ಕಾಯಿಸಿದ್ದು ಪೂರ್ತಿ ಆರಿದ ಮೇಲೆ, ಹತ್ತು ಗಂಟೆಯ ನಂತರ ಒಳಗಿಡಬೇಕು. ಸಂಜೆ ಆರೂವರೆಗೆ ಆಫ್ ಮಾಡಿದರೆ ಇನ್ವರ್ಟರ್ ಹತ್ತು ಗಂಟೆ ಓಡುವ ಲೆಕ್ಕ ಸರಿಹೋಗುತ್ತದೆ. ಬ್ಯಾಟರಿ 12.4ಕ್ಕಿಂತ ಮೇಲಿದ್ದರೆ ಎಂಟೂವರೆವರೆಗೆ ಓಡಿಸಬಹುದು. ಆಮೇಲೆ ಬಾಗಿಲು ತೆರೆಯುವಂತಿಲ್ಲ, ಏಕೆಂದರೆ ಬೆಳಗಿನ ಎಂಟೂವರೆಗೆ ಇನ್ನೂ ಹನ್ನೆರಡು ಹದಿನಾಲ್ಕು ಗಂಟೆ ಇರುತ್ತದೆ, ಮಂಜುಗಡ್ಡೆಯ ಲೆಕ್ಕ ಹತ್ತು ಗಂಟೆಗಷ್ಟೇ. ರಾತ್ರಿ ಮಜ್ಜಿಗೆಗೆ ಬೇಕಾದ ಮೊಸರನ್ನು ಮೊದಲೇ ಹೊರಗೆ ತೆಗೆದಿಡಬೇಕು. ಹೀಗೆ ನಡೆದಾಗ ನಡುವಿನ ತಟ್ಟೆಯ ಥರ್ಮಾಮೀಟರ್ ರಾತ್ರಿ 3, ಬೆಳಗ್ಗೆ 7 ಡಿಗ್ರಿ ತೋರಿಸಿತು. ಫ್ರೀಜರ್ ಮಾತ್ರ ಬೆಳಗಿನ ಹೊತ್ತಿಗೆ ಸೊನ್ನೆಯ ಸುತ್ತ ಬರುತ್ತದೆ, ಐಸ್‌ಕ್ರೀಮ್ ಉಳಿಯದು. ಮೀನು ಇಡುವ ಮನೆಗಳು ಅದನ್ನು ಲೈನು ಹೋದ ಮೊದಲ ದಿನವೇ ಅಡುಗೆ ಮಾಡಿ ಮುಗಿಸುವುದು ಒಳ್ಳೆಯದು.

ಹಗಲು ಹೆಚ್ಚು ತಂಪಿಗಿಟ್ಟಾಗ ಫ್ರೀಜರಿನ ಕೆಳಗಿನ ಮೊದಲ ತಟ್ಟೆ ಸೊನ್ನೆಗಿಂತ ಕೆಳಗಿಳಿಯಬಹುದು. ಅದಕ್ಕೇ ಇನ್ಸುಲಿನ್ನನ್ನು ಮುಚ್ಚಳವಿರುವ ಚಿಕ್ಕ ಡಬ್ಬಿಯಲ್ಲಿ ಹಾಕಿ, ನಡುವಿನ ತಟ್ಟೆಯಲ್ಲಿ ಮುಂದಕ್ಕೆ, ಹಿಂದಿನ ಗೋಡೆಗೆ ತಾಗದಂತೆ ಇಡಬೇಕು. ಥರ್ಮಾಮೀಟರಿನ ಬಲ್ಬು ಅದೇ ಡಬ್ಬಿಯ ಪಕ್ಕ. ಬಾಗಿಲಿನ ಗೂಡು ಇದಕ್ಕೆ ತಕ್ಕ ಜಾಗವಲ್ಲ, ತೆರೆದಾಗಲೆಲ್ಲ ಬಿಸಿ ಗಾಳಿ ಮೊದಲು ತಾಗುವುದು ಅದಕ್ಕೇ.

ವರ್ಷದ ಕೆಲಸ ಹೆಚ್ಚಿಲ್ಲ. ಬ್ಯಾಟರಿಗೆ ಎರಡು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್, ಬಾವಿ ನೀರು ಎಂದೂ ಬೇಡ. ಬ್ಯಾಟರಿ ಪೂರ್ತಿ ತುಂಬಿದಾಗ, ಆಸಿಡ್ಡಿನ ಸಾಂದ್ರತೆ ತೋರಿಸುವ ಹೈಡ್ರೋಮೀಟರಿನಲ್ಲಿ ಆರೂ ಸೆಲ್ 1.240ರ ಆಸುಪಾಸು ಇರಬೇಕು. ಒಂದು ಮಾತ್ರ ಬಹಳ ಕೆಳಗಿದ್ದರೆ ಆ ಸೆಲ್ ಹೋಗುತ್ತಿದೆ. ಟರ್ಮಿನಲ್ಲಿನ ಬಿಳಿ-ಹಸಿರು ಪುಡಿಯನ್ನು ಬಿಸಿನೀರಿನಲ್ಲಿ ತೊಳೆದು, ನಟ್ಟು ಬಿಗಿದು ವ್ಯಾಸಲಿನ್ ಹಚ್ಚಬೇಕು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಪ್ಯಾನೆಲ್ಲಿನ ಕೆಳ ಅಂಚಿನ ಪಾಚಿಯನ್ನು ಬೆಳಗಿನ ತಂಪಿನಲ್ಲೇ ಮೆದು ಬಟ್ಟೆಯಿಂದ ಒರೆಸಬೇಕು, ಏಕೆಂದರೆ ಕೆಳ ಸಾಲಿನ ಸೆಲ್‌ಗಳನ್ನು ಮುಚ್ಚಿದ ಪಾಚಿಯೂ ನೆರಳೇ. ಮೇ ಕೊನೆಯ ವಾರದಲ್ಲಿ ಒಂದು ದಿನ ಬೇಕೆಂದೇ ಮೇನ್ ಸ್ವಿಚ್ ತೆಗೆದು, ಎರಡು ರಾತ್ರಿ ಫ್ರಿಜ್ಜನ್ನು ಈ ಕ್ರಮದಲ್ಲೇ ನಡೆಸಿ ಥರ್ಮಾಮೀಟರ್ ಬರೆದಿಡಬೇಕು. ಬೆಳಗಿನ ಅಂಕಿ 8 ದಾಟಿದರೆ ಮೊದಲು ಬಾಗಿಲಿನ ರಬ್ಬರ್ ನೋಡಿ, ಆಮೇಲೆ ಬಾಟಲಿಗಳು ಪೂರ್ತಿ ಗಡ್ಡೆಯಾಗಿದ್ದವೇ ನೋಡಿ, ಅದಾದ ಮೇಲೆ ಬ್ಯಾಟರಿ.